ಬಿಳಿ ತೊಟ್ಟಿಯ ಸಂದು

ಗೂಡಲೂರಿನಾಚೆ ಟೀ ತೋಟ ಇಟ್ಟುಕೊಂಡಿದ್ದ ಬಿಳಿಯನೊಬ್ಬ ಎಲ್ಲವನ್ನೂ ಮಾರಿ ತನ್ನ ದೇಶಕ್ಕೆ ಹೊರಟಾಗ ಅವನ ಬಂಗಲೆಯ ಸಾಮಾನು ಹರಾಜಿಗೆ ಬಂತು. ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿ ಗಂಗಾಧರಸ್ವಾಮಿ ಅಲ್ಲಿಗೆ ಹೋದದ್ದು ಬೀಟೆ ಮರದ ಮಂಚ ತರುತ್ತೇನೆಂದು ಹೇಳಿ. ಲಾರಿಯಲ್ಲಿ ಹೇರಿಕೊಂಡು ಬಂದದ್ದು ಮಾತ್ರ ಒಂದು ಸ್ನಾನದ ತೊಟ್ಟಿ. ಎರಕದ ಕಬ್ಬಿಣದ್ದು, ಮೇಲೆಲ್ಲ ಬಿಳಿ ಪಿಂಗಾಣಿಯ ಹೊಳಪು. ಬಂಡೀಪುರದ ಕಾಡುದಾರಿಯಲ್ಲಿ ಅಷ್ಟೊಂದು ಕುಲುಕಿದರೂ ಎಲ್ಲಿಯೂ ಚಕ್ಕೆ ಎದ್ದಿರಲಿಲ್ಲ. ಅದನ್ನು ಇಳಿಸುವಷ್ಟರಲ್ಲಿ ಮಂಡಿಯ ಹಮಾಲಿಗಳ ಸೊಂಟ ಬಿದ್ದುಹೋಯಿತು.

ಅವನ ತಾಯಿ ಚಿಕ್ಕಬಸಮ್ಮ ಜಗಲಿಯ ಮೇಲೆ ನಿಂತು ನೋಡಿದಳು.

"ಯಾನಪ್ಪ ಇದು? ಹೆಣ ತೊಳಿಯೋ ಬಾನಿಯಾ?"

"ಟಬ್ಬು ಕಣವ್ವ. ಇದ್ರೊಳಗೆ ನೀರು ತುಂಬ್ಕಂಡು ಮಲಗಿ ಸ್ನಾನ ಮಾಡಾದು."

"ಮಲಗಿ ಸ್ನಾನ ಮಾಡಿಸ್ಕೊಳೋದು ಹೆಣವೇ ತಾನೆ," ಎಂದು ಆಕೆ ಒಳಗೆ ಹೋದಳು.

ಗಂಗಾಧರಸ್ವಾಮಿಗೆ ಸ್ನಾನದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಚಳಿಗಾಲದಲ್ಲಿ ಮೈಗೆ ನಾಲ್ಕು ಚೊಂಬು ನೀರು ಬಿದ್ದರೆ ಅದೇ ದೊಡ್ಡದು. ತೊಟ್ಟಿ ತಂದದ್ದು ಷಡ್ಡಕನ ಬಾಯಿ ಮುಚ್ಚಿಸುವುದಕ್ಕೆ. ಷಡ್ಡಕ ನೀಲಕಂಠಸ್ವಾಮಿ ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಶಿರಸ್ತೇದಾರ. ಪ್ರತಿಸಲ ಗುಂಡ್ಲುಪೇಟೆಗೆ ಬಂದಾಗಲೂ ಪಾಚಿಗಟ್ಟಿದ ಬಚ್ಚಲುಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತು ಮೈ ತೊಳೆದುಕೊಂಡು ಬಂದು, ಟವೆಲ್ಲಿನಿಂದ ಕಿವಿ ಒರೆಸುತ್ತ, "ನಿಮ್ಮ ಮನೇಲಿ ಸ್ನಾನ ಮಾಡಿದ ಮೇಲೆ ಊರಿಗೆ ಹೋಗಿ ಇನ್ನೊಂದು ಸಲ ಸ್ನಾನ ಮಾಡಬೇಕು ನೋಡಿ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಗಂಗಾಧರಸ್ವಾಮಿಯೂ ನಗುತ್ತಿದ್ದ. ಆಮೇಲೆ ವಾರಗಟ್ಟಲೆ ಆ ಮಾತು ಅವನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿರುತ್ತಿತ್ತು.

ಮನೆಯ ಹಿಂಭಾಗದ ಹಳೆಯ ಬಚ್ಚಲನ್ನು ಕೆಡವಿದರು. ಅದರ ಒಂದು ಗೋಡೆ ದೇವರ ಮನೆಯ ಹಿಂದಿನ ಗೋಡೆಯೂ ಆಗಿತ್ತು. ಮೈಸೂರಿನಿಂದ ಬಿಳಿ ಪಿಂಗಾಣಿ ಬಿಲ್ಲೆಗಳು ಬಂದವು, ಡಬ್ಬದಲ್ಲಿ ಬಿಳಿ ಸಿಮೆಂಟು ಬಂತು. ಕೆಲಸಕ್ಕೆ ಕರೆಸಿದ್ದು ಊರ ಹೊರಗಿನ ಕೇರಿಯ ಗಾರೆ ಮೇಸ್ತ್ರಿ ಮೂಗಯ್ಯನನ್ನು. ಕಾಡಂಚಿನ ಸರ್ಕಾರಿ ಬಂಗಲೆಯೊಂದರಲ್ಲಿ ಕಲ್ಲಿಕೋಟೆ ಕಡೆಯ ಪ್ಲಂಬರನ ಕೈಕೆಳಗೆ ಇಂಥ ತೊಟ್ಟಿ ಕೂರಿಸಿದ ಅನುಭವ ಆ ಸೀಮೆಯಲ್ಲಿ ಅವನೊಬ್ಬನಿಗೇ ಇತ್ತು. ಜೊತೆಗೆ ಅವನ ಹೆಂಡತಿ ಸಣ್ಣತಾಯಮ್ಮ ಬಂದಳು.

ಸಣ್ಣತಾಯಮ್ಮ ಮೂವತ್ತರ ಹೆಂಗಸು. ಗಾರೆ ಕಲಸುವುದು, ಹೊರುವುದು, ಎತ್ತಿಕೊಡುವುದು ಲೆಕ್ಕದಲ್ಲಿ ಅವಳ ಕೆಲಸ. ಆದರೆ ಸಂದು ತುಂಬುವ ಕೆಲಸವೂ ಅವಳದೇ ಆಗಿತ್ತು. ಮೂಗಯ್ಯ ಗೋಡೆ ಎಬ್ಬಿಸುವುದನ್ನು, ಬಿಲ್ಲೆ ಕೂರಿಸುವುದನ್ನು ಮಾತ್ರ ಕೆಲಸ ಎಂದುಕೊಂಡಿದ್ದ. ಬಿಲ್ಲೆ ಬಿಲ್ಲೆಯ ನಡುವೆ ಬಿಳಿ ಸಿಮೆಂಟು ತುಂಬಿ ಬಟ್ಟೆಯಲ್ಲಿ ಒರೆಸುವುದು ಅವನ ಪ್ರಕಾರ ಸಗಣಿ ಸಾರಿಸಿದ ಹಾಗೆ, ಹೆಂಗಸರು ಮಾಡಿಕೊಳ್ಳಬೇಕಾದದ್ದು. ಅವನು ಎಲೆಅಡಿಕೆ ಹಾಕಿಕೊಂಡು ಹೊರಗೆ ಕೂರುತ್ತಿದ್ದ. ಅವಳು ಮಂಡಿಯೂರಿ ಬೆರಳ ತುದಿಯಿಂದ ಒಂದೊಂದೇ ಸಂದನ್ನು ಒತ್ತುತ್ತಿದ್ದಳು. ಸಿಮೆಂಟು ಉಗುರಿನ ಬುಡವನ್ನು ತಿನ್ನುತ್ತಿತ್ತು.

ಅವಳು ಯಾರನ್ನೂ ದೊಡ್ಡವರೆಂದು ಎಣಿಸುವವಳಲ್ಲ. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ಗಂಗಾಧರಸ್ವಾಮಿ ಬಂದು ನಿಂತು ಅಂಗೈಯಿಂದ ಬಿಲ್ಲೆಗಳನ್ನು ಸವರಿ ಕನ್ನಡಿ ನೋಡುವವನಂತೆ ಮುಖ ನೋಡಿಕೊಂಡಾಗ, ಅವಳು ತಲೆ ತಗ್ಗಿಸಿ ತುಟಿ ಸೊಟ್ಟ ಮಾಡುತ್ತಿದ್ದಳು. ಅವನ ಹೆಂಡತಿ ಪುಟ್ಟಸಿದ್ದಮ್ಮ ಮಧ್ಯಾಹ್ನ ಬಂದು ದೂರದಿಂದ ಮುದ್ದೆ, ಸಾರು ಇಟ್ಟು, ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಕೆಮ್ಮು ಕೇಳಿದ ಕೂಡಲೇ ಮುಚ್ಚಿಕೊಂಡು ಹೋಗುತ್ತಿದ್ದಳು. 'ಬೆಣ್ಣೆ ಮುದ್ದೆ' ಎಂದು ಸಣ್ಣತಾಯಮ್ಮ ಅವಳಿಗೆ ಹೆಸರಿಟ್ಟಿದ್ದಳು.

ಕೊನೆಗೆ ಉಳಿದದ್ದು ತೊಟ್ಟಿಯ ಅಂಚು ಗೋಡೆಯ ಬಿಲ್ಲೆಗೆ ಸೇರುವ ಉದ್ದನೆಯ ಸಂದು. ಅಲ್ಲಿ ಸಿಮೆಂಟು ನಿಲ್ಲುವುದಿಲ್ಲ. ನೀರಿನ ಭಾರಕ್ಕೆ ತೊಟ್ಟಿ ಕೂದಲೆಳೆಯಷ್ಟು ಕುಸಿದರೂ ಬಿರುಕು ಬಿಡುತ್ತದೆ. ಅಗಸೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ನೂಲನ್ನು ಸಂದಿನೊಳಗೆ ಒತ್ತಿ, ಮೇಲೆ ಸೀಮೆಸುಣ್ಣದ ಪುಡಿ, ಸಫೇದ ಎಂಬ ಬಿಳಿ ಬಣ್ಣದ ಪುಡಿ, ಎಣ್ಣೆ ಹಾಕಿ ನಾದಿದ ಲಪ್ಪ ತುಂಬಬೇಕು. ಅದೂ ತೊಟ್ಟಿಯೊಳಗೆ ಭಾರ ಇರುವಾಗಲೇ ತುಂಬಬೇಕು. ಕಲ್ಲಿಕೋಟೆಯ ಪ್ಲಂಬರು ಹೇಳಿಕೊಟ್ಟದ್ದು ಹಾಗೆ. ಮೂಗಯ್ಯ ತೊಟ್ಟಿಗೆ ನೀರು ಕೇಳಿದ.

"ನಿಮ್ಮ ಕೈಯಾಡ್ತಿರೋ ಬಾನಿಗೆ ನನ್ನ ಬಾವಿ ನೀರಾ?" ಎಂದಳು ಚಿಕ್ಕಬಸಮ್ಮ. "ಬ್ಯಾರೆ ಏನಾರ ಹಾಕ್ಕಳಿ."

ಇಟ್ಟಿಗೆ ಪೇರಿಸಿದರು. ಗೋಡೆಯ ಮೂಲೆ ಹೊರಗಿನಿಂದ ಕೈಗೆಟುಕುತ್ತಿರಲಿಲ್ಲ. ಸಣ್ಣತಾಯಮ್ಮ ಸೀರೆ ಎತ್ತಿ ಕಟ್ಟಿ ತೊಟ್ಟಿಯೊಳಗಿಳಿದು, ಇಟ್ಟಿಗೆಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಆ ಬದಿಯಿಂದ ಈ ಬದಿಗೆ ಲಪ್ಪ ತುಂಬುತ್ತ ಬಂದಳು. ಸಂಜೆಯ ಹೊತ್ತಿಗೆ ಸಂದು ಬೆಣ್ಣೆ ಸವರಿದಷ್ಟು ನಯವಾಗಿತ್ತು. ತಲೆ ಎತ್ತಿದಾಗ ಬಾಗಿಲಲ್ಲಿ ಚಿಕ್ಕಬಸಮ್ಮ ನಿಂತಿದ್ದಳು. ತೊಟ್ಟಿಯೊಳಗೆ ಕೂತವಳನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋದಳು.

"ಬುದ್ದಿ, ಎಂಟು ದಿವ್ಸ ನೀರು ಸೋಕಬಾರ್ದು. ಲಪ್ಪ ಒಣಗಬೇಕು," ಎಂದು ಮೂಗಯ್ಯ ಗಂಗಾಧರಸ್ವಾಮಿಗೆ ಹೇಳಿದ.

"ಆಯ್ತು, ಗೊತ್ತು ಬಿಡ್ಲಾ," ಎಂದ ಅವನು.

ಮುಂದಿನ ವಾರ ಕಳೆದು ನೀಲಕಂಠಸ್ವಾಮಿ ಬಂದ. ಹಂಡೆಗಟ್ಟಲೆ ನೀರು ಕಾಯಿಸಿ ತೊಟ್ಟಿ ತುಂಬಿದರು. ಷಡ್ಡಕ ಅದರೊಳಗೆ ಕುತ್ತಿಗೆವರೆಗೂ ಮುಳುಗಿ ಬಹಳ ಹೊತ್ತು ಹಾಡು ಗುನುಗಿಕೊಂಡಿದ್ದ. ಗಂಗಾಧರಸ್ವಾಮಿ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಅದನ್ನು ಕೇಳಿ ಸುಖಪಟ್ಟ. ಅದೇ ಹೊತ್ತಿಗೆ ದೇವರ ಮನೆಯಿಂದ ಚಿಕ್ಕಬಸಮ್ಮ ಕೂಗಿಕೊಂಡಳು. ಗೋಡೆಯ ಬುಡದಿಂದ ಸೋಪಿನ ನೊರೆ ಒಸರಿ ದೇವರ ಜಗಲಿಯ ಕೆಳಗೆ ಹರಿದು, ರಂಗೋಲಿಯನ್ನು ಅಳಿಸಿ, ಆಕೆ ಕೂತಿದ್ದ ಮಣೆಯನ್ನು ಸುತ್ತುವರಿದಿತ್ತು. ಶಿರಸ್ತೇದಾರನ ಮೈ ತೊಳೆದ ನೀರಿನ ನಡುವೆ ಮುದುಕಿ ವಿಭೂತಿ ಹಿಡಿದು ಕೂತಿದ್ದಳು.

ನೀಲಕಂಠಸ್ವಾಮಿ ಬಟ್ಟೆ ಹಾಕಿಕೊಂಡು ಬಂದು ಇಣುಕಿ ನೋಡಿದ. "ಪರವಾಗಿಲ್ಲ ರೀ. ಮೊದಲು ನಮಗೊಬ್ಬರಿಗೇ ಆಗ್ತಿತ್ತು, ಈಗ ನಿಮ್ಮ ಮನೆ ದೇವರಿಗೂ ಸ್ನಾನ ಆಗುತ್ತೆ," ಎಂದ.

ಆ ಮಧ್ಯಾಹ್ನವೇ ಗಂಗಾಧರಸ್ವಾಮಿ ಕೇರಿಯ ತುದಿಗೆ ಬಂದು ನಿಂತ. ಒಳಗೆ ಕಾಲಿಡುವವನಲ್ಲ. ಅಲ್ಲಿಂದಲೇ ಕೂಗಿದ. ಜನ ಗುಂಪಾದರು. ಮೂಗಯ್ಯ ಟವೆಲ್ಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿಬಂದ.

"ಏನ್ಲಾ ಮೂಗ, ಮೇಸ್ತ್ರಿ ಅಂತೆ ಮೇಸ್ತ್ರಿ! ದನದ ಕೊಟ್ಟಿಗೆಗೂ ಲಾಯಕ್ಕಿಲ್ಲ ನೀನು. ನನ್ನ ದೇವರ ಮನೆ ಕೆರೆ ಮಾಡ್ಬುಟ್ಟಲ್ಲೋ!"

"ಬುದ್ದಿ, ಬಿಲ್ಲೆ ಅಳ್ಳಾಡ್ತಾ?"

"ಬಿಲ್ಲೆ ಅಲ್ಲ ಕಣ್ಲಾ, ಸಂದು! ಸಂದೆಲ್ಲ ಕಿತ್ಕಂಡು ಬಂದದೆ!"

ಮೂಗಯ್ಯ ಸುತ್ತ ನೋಡಿದ. ಕೇರಿಯವರೆಲ್ಲ ನಿಂತಿದ್ದರು. ಸಣ್ಣತಾಯಮ್ಮನೂ ಬಾಗಿಲಲ್ಲಿ ನಿಂತಿದ್ದಳು.

"ಸಂದು ನಾನಲ್ಲ ಬುದ್ದಿ," ಎಂದ. "ಅದು ಇವಳು ತುಂಬಿದ್ದು."

ಗಂಗಾಧರಸ್ವಾಮಿ ಅವಳ ಕಡೆ ನೋಡಿ, ಪಕ್ಕಕ್ಕೆ ತಿರುಗಿ ಉಗಿದ. "ಹೆಂಗಸಿನ ಕೈಗೆ ಕೊಟ್ಟು ನೀನು ಎಲೆಅಡಿಕೆ ಅಗೀತಾ ಕೂತಿದ್ಯಾ? ಇನ್ನು ನನ್ನ ಮನೆ ಕಡೆ ತಲೆ ಹಾಕಬೇಡಿ ಇಬ್ರೂ."

ಅವನು ಹೋದ ಮೇಲೆ ಪಕ್ಕದ ಮನೆಯ ದೊಡ್ಡಮಾದಮ್ಮ ಏನೋ ಸಮಾಧಾನ ಹೇಳಲು ಬಂದಳು. ಸಣ್ಣತಾಯಮ್ಮ ಕೇಳಿಸಿಕೊಳ್ಳಲಿಲ್ಲ. ಉಗಿದವನ ಬಗ್ಗೆ ಅವಳಿಗೆ ಏನೂ ಅನ್ನಿಸಲಿಲ್ಲ. ಅವನಿಂದ ಬೇರೆ ಏನನ್ನು ನಿರೀಕ್ಷಿಸುವುದು? ಗಂಡನ ಬೆರಳು ತನ್ನ ಕಡೆ ತಿರುಗಿದ್ದೇ ಕಣ್ಣ ಮುಂದಿತ್ತು. ಅವನಿಗೆ ಅನ್ನ ಬಡಿಸುವಾಗಲೂ ಅದೇ ಬೆರಳನ್ನು ನೋಡುತ್ತಿದ್ದಳು.

"ನಾ ಯಾನ ಮಾಡ್ಲಮ್ಮಿ? ನಿಜ ತಾನೆ ಏಳಿದ್ದು? ಸಂದು ನೀನೇ ತಾನೆ ತುಂಬಿದ್ದು?" ಎಂದ ಮೂಗಯ್ಯ.

"ನಾನೇ ತುಂಬಿದ್ದು. ಉಣ್ಣು," ಎಂದಳು.

ಆಮೇಲೆ ಅವಳು ಗಂಡನ ಜೊತೆ ಬೇಕಾದಷ್ಟು ಮಾತ್ರ ಆಡಿದಳು. ಊರಿನಲ್ಲಿ ಸುದ್ದಿ ಹರಡಿತ್ತು. ಮೂಗಯ್ಯನಿಗೆ ಕೆಲಸಕ್ಕೆ ಕರೆ ಬರುವುದು ಕಡಿಮೆಯಾಯಿತು. ಅವನು ಗೋಡೆಗೊರಗಿ ಕೂತು ತನ್ನ ಹಣೆಬರಹವನ್ನು ಬೈಯುತ್ತಿದ್ದ, ನಡುನಡುವೆ ಅವಳನ್ನೂ. ಅವಳು ಮಾತ್ರ ಗದ್ದೆ ಕಳೆ ಕೀಳುತ್ತ ಮನಸ್ಸಿನಲ್ಲೇ ಆ ಸಂದನ್ನು ಮತ್ತೆ ಮತ್ತೆ ತುಂಬಿ ನೋಡುತ್ತಿದ್ದಳು. ನೂಲು ಒಣಗಿತ್ತೆ? ಇಲ್ಲ. ಎಣ್ಣೆ ಕಡಿಮೆಯಾಗಿತ್ತೆ? ಇಲ್ಲ. ಎಲ್ಲಿ ತಪ್ಪಿದೆ ಎನ್ನುವುದು ಅವಳಿಗೆ ಸಿಗಲಿಲ್ಲ.

ಇತ್ತ ಗಂಗಾಧರಸ್ವಾಮಿ ಬೇಗೂರಿನಿಂದ ರಾಚಯ್ಯ ಎಂಬ ಇನ್ನೊಬ್ಬ ಮೇಸ್ತ್ರಿಯನ್ನು ಕರೆಸಿದ. ರಾಚಯ್ಯ ಹೊರಗೆ ನಿಂತೇ ಕೈಗೆಟುಕಿದಷ್ಟು ಕೆರೆದು, ಸಿಮೆಂಟು ಮೆತ್ತಿ, ಮೀಸೆ ತಿರುವಿ ಹೋದ. ತೊಟ್ಟಿ ತುಂಬಿದ ದಿನವೇ ಉದ್ದಕ್ಕೂ ಬಿರುಕು ಬಿಟ್ಟು ದೇವರ ಜಗಲಿ ಮತ್ತೆ ಒದ್ದೆಯಾಯಿತು. ಅಷ್ಟರಲ್ಲಿ ಚಾಮರಾಜನಗರದಿಂದ ಷಡ್ಡಕನ ಸುದ್ದಿ ಬಂತು: ಕಚೇರಿಯ ದೊಡ್ಡ ಸಾಹೇಬರು ಊಟಿಗೆ ಹೋಗುವ ದಾರಿಯಲ್ಲಿ ಗುಂಡ್ಲುಪೇಟೆಯಲ್ಲಿ ತಂಗುತ್ತಾರೆ, ನಿಮ್ಮ ಹೆಸರಾಂತ ಸ್ನಾನದ ಮನೆ ನೋಡಬೇಕಂತೆ.

ಗಂಗಾಧರಸ್ವಾಮಿಯ ಆಳು ಪುಟ್ಟಮಾದಯ್ಯ ಕೇರಿಗೆ ಬಂದ. "ಬುದ್ದಿಯೋರು ಕರೀತಾವ್ರೆ. ಇಬ್ರೂ ಬರ್ಬೇಕಂತೆ."

ಮೂಗಯ್ಯ ಚಂಗನೆ ಎದ್ದು ನಿಂತ. ಹೆಂಡತಿ ಬರುವುದಿಲ್ಲವೆಂದು ಅವನು ಹೆದರಿದ್ದ. ಅವಳು ಸೆರಗು ಸಿಕ್ಕಿಸಿಕೊಂಡು ಹೊರಟಳು. ಅವಳಿಗೆ ಕೆಲಸ ಬೇಕಿರಲಿಲ್ಲ. ಆ ಸಂದನ್ನು ಕಣ್ಣಾರೆ ನೋಡಬೇಕಿತ್ತು.

ಹಿತ್ತಲ ಬಾಗಿಲಿನಿಂದ ಹೋಗಿ ತೊಟ್ಟಿಯ ಬಳಿ ಮಂಡಿಯೂರಿ, ರಾಚಯ್ಯನ ಕೈ ಎಟುಕದೆ ಉಳಿದಿದ್ದ ಮೂಲೆಯನ್ನು ನೋಡಿದಳು. ತನ್ನ ಲಪ್ಪ ಅಲ್ಲಿ ಹಾಗೇ ಇತ್ತು, ಗೀರುಗೀರಾಗಿ. ಉಗುರಿನಿಂದ ಕೆರೆದಳು. ತೆಂಗಿನ ನಾರಿನ ಎಳೆಗಳು ಸಿಕ್ಕಿಬಂದವು. ಇನ್ನಷ್ಟು ಕೆರೆದಳು. ಒಳಗಿಂದ ಬೂದಿ ಬಂತು. ಮೂಗಿನ ಹತ್ತಿರ ಹಿಡಿದಳು. ಅಗಸೆ ಎಣ್ಣೆಯ ವಾಸನೆಯ ಕೆಳಗೆ ಗಂಜಲದ ನಾತ ಇನ್ನೂ ಉಳಿದಿತ್ತು.

ಅವಳಿಗೆ ಎಲ್ಲ ಗೊತ್ತಾಯಿತು. ತಾವು ಆ ಸಂಜೆ ಮನೆ ಮುಟ್ಟುವ ಮೊದಲೇ ಇವರು ತೊಟ್ಟಿಗೆ ಗಂಜಲ ಸುರಿದು, ಬೂದಿ ಹಾಕಿ, ನಾರಿನಲ್ಲಿ ಉಜ್ಜಿ, ಬಿಸಿನೀರು ಹೊಯ್ದಿದ್ದರು. ಹಸಿ ಲಪ್ಪ ಅರ್ಧ ಕಿತ್ತುಬಂದಿತ್ತು, ನೂಲು ಜಾರಿತ್ತು. ಇಷ್ಟು ದಿನ ಅವಳು ತನ್ನ ಕೈಯಲ್ಲೇ ತಪ್ಪು ಹುಡುಕಿದ್ದಳು.

ಎದ್ದು ನಿಂತು ತಿರುಗಿದಳು. ಗಂಗಾಧರಸ್ವಾಮಿ, ಅವನ ಹಿಂದೆ ಚಿಕ್ಕಬಸಮ್ಮ, ಇನ್ನೂ ಹಿಂದೆ ಪುಟ್ಟಸಿದ್ದಮ್ಮ. ಅವಳು ಅಂಗೈ ಚಾಚಿ ನಾರಿನ ಎಳೆಗಳನ್ನು ತೋರಿಸಿದಳು.

"ಬುದ್ದಿ, ಇದು ನನ್ನ ಲಪ್ಪದೊಳಗೆ ಎಂಗೆ ಬಂತು?"

ಗಂಗಾಧರಸ್ವಾಮಿ ಎಳೆಗಳನ್ನು ನೋಡಿದ, ತಾಯಿಯ ಮುಖ ನೋಡಿದ. ತಾಯಿ ತೊಟ್ಟಿ ತೊಳೆಸಿದ್ದು ಅವನಿಗೂ ಆ ಗಳಿಗೆಯಲ್ಲೇ ತಿಳಿದದ್ದು.

"ತೊಳೀದೆ ಇನ್ನೇನು?" ಎಂದಳು ಚಿಕ್ಕಬಸಮ್ಮ. "ಕಂಡೋರು ಕೂತೆದ್ದ ಬಾನೀಲಿ ನನ್ನ ಮಗ ಸ್ನಾನ ಮಾಡ್ಬೇಕಾ?"

"ಸರಿ ಬುಡಿ ಅವ್ವೋರೆ. ದೇವ್ರಿಗೆ ಶಿರಸ್ತೇದಾರ್ರ ನೀರು ಸಾಕು," ಎಂದಳು ಸಣ್ಣತಾಯಮ್ಮ.

"ಅಮ್ಮೀ!" ಎಂದು ಮೂಗಯ್ಯ ಗದರಿದ. ಅವಳು ಅವನ ಕಡೆ ತಿರುಗಲೂ ಇಲ್ಲ.

ಮುದುಕಿಯ ಮುಖ ಕಪ್ಪಿಟ್ಟಿತು. ಆದರೆ ಗಂಗಾಧರಸ್ವಾಮಿಗೆ ದೊಡ್ಡ ಸಾಹೇಬರ ಚಿಂತೆ. ಅವನು ಗಂಟಲು ಸರಿಮಾಡಿಕೊಂಡು ಗೋಡೆಗೆ ಹೇಳುವಂತೆ ಹೇಳಿದ: "ಆದದ್ದು ಆಯ್ತು. ಈಗ ಸರಿ ಮಾಡ್ಕೊಟ್ಟು ಹೋಗಿ."

"ಮಾಡ್ತೀನಿ. ಇಟ್ಟಿಗೆ ಬ್ಯಾಡ. ತೊಟ್ಟಿಗೆ ನೀರು ತುಂಬಬೇಕು. ಬಿಸಿನೀರು. ಅದ್ರೊಳಗೆ ಕೂತ್ಕಂಡೇ ನಾನು ಸಂದು ತುಂಬಾದು."

"ಬಿಸಿನೀರು ಯಾಕೆ?"

"ಚಳಿ ಬುದ್ದಿ. ಕೈ ಸೆಟ್ಕಂಡ್ರೆ ಲಪ್ಪ ಸರಿಯಾಗಿ ಕೂರಾಕಿಲ್ಲ."

ಮೂಗಯ್ಯ ಹತ್ತಿರ ಬಂದು ಪಿಸುಗುಟ್ಟಿದ. "ಇಟ್ಟಿಗೆ ಸಾಕಾಗಾಕಿಲ್ವಾ?"

"ಸಾಕು."

"ಮತ್ಯಾಕೆ?"

"ನಂಗೆ ನೀರೇ ಬೇಕು."

ಚಿಕ್ಕಬಸಮ್ಮ ಪುಟ್ಟಮಾದಯ್ಯನನ್ನು ಕರೆದು, ಬಾವಿಯಿಂದ ಒಂದು ಕೊಡ ಅತ್ತ ಹೋದರೆ ನಾಳೆಯಿಂದ ಈ ಮನೆಗೆ ಬರಬೇಡ ಎಂದು ಹೇಳಿ ದೇವರ ಮನೆ ಸೇರಿ ಬಾಗಿಲು ಹಾಕಿಕೊಂಡಳು. ಪುಟ್ಟಮಾದಯ್ಯ ಬಾವಿಕಟ್ಟೆಯ ಬಳಿ ಕೈಕಟ್ಟಿ ನಿಂತ. ಗಂಗಾಧರಸ್ವಾಮಿ ತಾಯಿಗೆ ಎದುರು ಹೇಳಲಾರ, ಸಾಹೇಬರನ್ನು ಬಿಡಲಾರ. ನೀರು ಸೇದುವುದಂತೂ ಅವನು ಹುಟ್ಟಿದಾಗಿನಿಂದ ಮಾಡಿದ ಕೆಲಸವಲ್ಲ. ಅವನು ಹೆಂಡತಿಯ ಕಡೆ ನೋಡಿದ. ಕೊನೆಗೆ ಅದು ಅವಳ ತಲೆಗೇ ಬರುವುದು ಎಂದು ಎಲ್ಲರಿಗೂ ಗೊತ್ತಿತ್ತು.

ಪುಟ್ಟಸಿದ್ದಮ್ಮ ನೀರು ಸೇದಿದಳು. ಹಂಡೆಯ ಕೆಳಗೆ ಸೌದೆ ಒಟ್ಟಿ ಊದಿದಳು. ಕಾದ ನೀರನ್ನು ತಂಬಿಗೆ ತಂಬಿಗೆಯಾಗಿ ಕೊಡಕ್ಕೆ ತುಂಬಿ ಹೊತ್ತು ತಂದು ತೊಟ್ಟಿಗೆ ಸುರಿದಳು. ಸಣ್ಣತಾಯಮ್ಮ ಗೋಡೆಗೊರಗಿ ನಿಂತು, ಅವಳು ಬರುವುದನ್ನು, ಬಗ್ಗುವುದನ್ನು, ಬೆವರೊರೆಸಿಕೊಂಡು ಮತ್ತೆ ಹೋಗುವುದನ್ನು ನೋಡಿದಳು. ತೊಟ್ಟಿ ಮುಕ್ಕಾಲು ತುಂಬಿದಾಗ ಹಳೆಯದನ್ನೆಲ್ಲ ಕೆರೆದು, ಸಂದನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಲಪ್ಪದ ಬಟ್ಟಲನ್ನು ಅಂಚಿನ ಮೇಲಿಟ್ಟುಕೊಂಡು, ಸೀರೆಯ ಸಮೇತ ನೀರಿಗಿಳಿದಳು.

ಇಳಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ನೀರಿನ ಸುಖವನ್ನು ಅವಳು ಎಣಿಸಿರಲಿಲ್ಲ. ಇವರನ್ನು ಕುಣಿಸಬೇಕು ಎಂದಷ್ಟೇ ಇದ್ದದ್ದು. ಎದೆಯವರೆಗೂ ಬೆಚ್ಚಗಿನ ನೀರು, ಮೈಯೆಲ್ಲ ಹಗುರ, ವರ್ಷಗಟ್ಟಲೆ ಗಾರೆ ಹೊತ್ತ ಕತ್ತಿನ ನರಗಳು ಒಂದೊಂದಾಗಿ ಬಿಡಿಸಿಕೊಂಡ ಹಾಗಾಯಿತು. ಮೈಮೇಲೆ ಒಂದೇ ಸಲ ಎರಡು ಕೊಡಕ್ಕಿಂತ ಹೆಚ್ಚು ನೀರು ಬಿದ್ದದ್ದು ಅವಳಿಗೆ ನೆನಪಿರಲಿಲ್ಲ. ಹೀಗಿರುತ್ತದೆ ಎಂದು ತಿಳಿದು ಅವಳಿಗೆ ಸಿಟ್ಟು ಬಂತು. ಇಂಥದನ್ನು ಮನೆಯಲ್ಲಿಟ್ಟುಕೊಂಡು ಯಾರ ಬಾಯಿ ಮುಚ್ಚಿಸಬೇಕೆಂದು ಯೋಚಿಸುತ್ತಾರಲ್ಲ, ಈ ದರಿದ್ರದವರು!

ನೂಲು ಒತ್ತಲು ಶುರುಮಾಡಿದಳು. ಗಂಡಸರು ಹಿತ್ತಲಿಗೆ ಹೋಗಿದ್ದರು. ಪುಟ್ಟಸಿದ್ದಮ್ಮ ಕೊನೆಯ ಕೊಡ ತಂದವಳು ಹೋಗದೆ ಬಾಗಿಲಲ್ಲೇ ನಿಂತಳು.

"ತಾಯಮ್ಮ," ಎಂದಳು ಮೆಲ್ಲಗೆ. "ಅವತ್ತು ಉಜ್ಜಿದ್ದು ನಾನು."

"ಗೊತ್ತಾಯ್ತು. ನಿಮ್ಮತ್ತೆ ಬಗ್ಗಿ ಉಜ್ಜೋ ಪೈಕಿ ಅಲ್ಲ."

"ಎಂಟು ದಿನ ನೀರು ಸೋಕಬಾರ್ದು ಅಂದದ್ದು ಕೇಳಿಸಿತ್ತು. ಅತ್ತೆಮ್ಮ ಹೇಳುದ್ರು. ಏನು ಮಾಡಲಿ?"

"ನಿಮ್ಗೆ ಬಾಯಿಲ್ವಾ ಅವ್ವೋರೆ?"

ಪುಟ್ಟಸಿದ್ದಮ್ಮ ದೇವರ ಮನೆಯ ಕಡೆಯ ಗೋಡೆ ನೋಡಿದಳು.

"ನಿಮ್ಮೆಜಮಾನ್ರು ನಮ್ಮ ಕೇರಿ ಮುಂದೆ ಉಗಿದ್ರು. ನನ್ನ ಗಂಡ ಇವಳೇ ಅಂತ ನನ್ನ ತೋರಿಸ್ದ. ನೀವು ಇಲ್ಲಿ ಬಾಯಿ ಮುಚ್ಕಂಡು ಕೂತಿದ್ರಿ. ನಿಮ್ಮ ಮೂವರಲ್ಲಿ ಯಾರ್ದು ತಪ್ಪು ಹೆಚ್ಚು ಅಂತ ನನಗೆ ಗೊತ್ತಾಯ್ತಿಲ್ಲ." ಅವಳು ಇದನ್ನು ಹೇಳುವಾಗ ಬೆರಳು ನಿಲ್ಲಲಿಲ್ಲ. "ನೀರು ತಣ್ಣಗಾಯ್ತಾ ಅದೆ. ಇನ್ನೊಂದು ಕೊಡ ತನ್ನಿ."

ಪುಟ್ಟಸಿದ್ದಮ್ಮ ಹೋಗಿ ತಂದಳು. ಸುರಿಯುವಾಗ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಸಿಟ್ಟಿಗೋ ಅಳುವಿಗೋ ಸಣ್ಣತಾಯಮ್ಮ ವಿಚಾರಿಸಲಿಲ್ಲ.

ಕೆಲಸ ಮುಗಿದಾಗ ಬಿಸಿಲು ಇಳಿದಿತ್ತು. ತೊಟ್ಟಿಯ ನೀರನ್ನು ಹಿತ್ತಲ ಬಾಳೆಗಿಡಗಳಿಗೆ ಬಿಟ್ಟು, ಒದ್ದೆ ಸೀರೆಯಲ್ಲೇ ಹೊರಬಂದು, ಗಂಗಾಧರಸ್ವಾಮಿಗಲ್ಲ, ಪುಟ್ಟಸಿದ್ದಮ್ಮನಿಗೆ ಹೇಳಿದಳು: "ಎಂಟು ದಿವ್ಸ. ಆಮೇಲೆ ಗಂಜಲನಾದ್ರೂ ಉಯ್ಕಳಿ, ಗಂಗೆನಾದ್ರೂ ಉಯ್ಕಳಿ."

ಆ ಸಂಜೆ ಚಿಕ್ಕಬಸಮ್ಮ ಗಂಜಲದ ಪಾತ್ರೆ ಹಿಡಿದು ಬಂದಾಗ ಸ್ನಾನದ ಮನೆಗೆ ಬೀಗ ಬಿದ್ದಿತ್ತಂತೆ. ಬೀಗದ ಕೈ ಸೊಸೆಯ ಸೊಂಟದಲ್ಲಿತ್ತಂತೆ. ಎಷ್ಟು ಕೂಗಾಡಿದರೂ, ಮಗನಿಂದ ಹೇಳಿಸಿದರೂ, ಎಂಟು ದಿನ ಅವಳು ಕೊಡಲಿಲ್ಲವಂತೆ. ಪುಟ್ಟಮಾದಯ್ಯ ಇದನ್ನು ಕೇರಿಗೆ ಬಂದು ಹೇಳಿದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಸಣ್ಣತಾಯಮ್ಮ ಮಾತ್ರ, "ಇಷ್ಟು ದಿವ್ಸ ಆಯಮ್ಮಂಗೆ ಸೊಂಟ ಇರ್ನಿಲ್ವಾ?" ಎಂದು ರಾಗಿ ಕೇರುವುದನ್ನು ಮುಂದುವರಿಸಿದಳು. ಆದರೆ ಅಂದಿನಿಂದ ಬೆಣ್ಣೆ ಮುದ್ದೆ ಎನ್ನುವುದನ್ನು ಬಿಟ್ಟಳು.

ಸಾಹೇಬರು ಬಂದರು. ಸಂದು ಒಂದು ತೊಟ್ಟು ನೀರನ್ನೂ ಬಿಡದೆ ನಿಂತಿತ್ತು. ತುಂಬಿದ ತೊಟ್ಟಿಯನ್ನು ಸಾಹೇಬರು ಸುತ್ತ ನೋಡಿ, "ಇದರಲ್ಲಿ ಕೂತರೆ ನಮ್ಮ ಕೊಳೆ ನಮಗೇ ಮೆತ್ತಿಕೊಳ್ಳಲ್ವೇನ್ರೀ?" ಎಂದು ಕೇಳಿ, ಒಂದು ಚೊಂಬು ತರಿಸಿಕೊಂಡು, ಪಕ್ಕದಲ್ಲಿ ನಿಂತು ಅದರ ನೀರನ್ನೇ ಮೊಗೆದು ಮೈಮೇಲೆ ಹೊಯ್ದುಕೊಂಡು ಹೋದರು. ಗಂಗಾಧರಸ್ವಾಮಿ ಆಮೇಲೆ ಆ ಕೋಣೆಯನ್ನು ಇನ್ನೊಬ್ಬರಿಗೆ ತೋರಿಸಿದ್ದು ಯಾರೂ ನೋಡಲಿಲ್ಲ.

ವಿಚಿತ್ರವೆಂದರೆ ತೊಟ್ಟಿಯ ಹುಚ್ಚು ಹಿಡಿದದ್ದು ನೀಲಕಂಠಸ್ವಾಮಿಗೆ. ನಗುತ್ತ ನಗುತ್ತಲೇ ಅವನು ಮೈಸೂರಿನಲ್ಲಿ ಒಂದು ತೊಟ್ಟಿ ಕೊಂಡು ಚಾಮರಾಜನಗರದ ತನ್ನ ಮನೆಗೆ ಸಾಗಿಸಿದ್ದ. ಬೇಸಿಗೆಯಲ್ಲಿ ಮೂಗಯ್ಯನಿಗೆ ಹೇಳಿಕಳಿಸಿದ, ಹೆಂಡತಿಯನ್ನು ಕರೆದುಕೊಂಡೇ ಬಾ ಎಂದು. ಮೂಗಯ್ಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೆರಕಣಾಂಬಿಯ ಮೇಲೆ ಹೋಗುವ ಬಸ್ಸಿನಲ್ಲಿ ಪಕ್ಕದವರಿಗೆಲ್ಲ, ಶಿರಸ್ತೇದಾರರು ತನ್ನನ್ನೇ ಬೇಕೆಂದು ಕರೆಸಿಕೊಂಡಿದ್ದಾರೆ ಎಂದು ಹೇಳಿಕೊಂಡ. ಸಣ್ಣತಾಯಮ್ಮ ಕಿಟಕಿಯಾಚೆ ನೋಡುತ್ತಿದ್ದಳು.

ಬಿಲ್ಲೆ ಕೂರಿಸುವವರೆಗೂ ಎಲ್ಲ ಸುಸೂತ್ರವಾಗಿ ನಡೆಯಿತು. ತೊಟ್ಟಿಯ ಸಂದು ತುಂಬುವ ದಿನ ನೀಲಕಂಠಸ್ವಾಮಿ ತಾನೇ ಹಿತ್ತಲಿಗೆ ಬಂದ. ಒಗೆದ ಪಂಚೆ, ಕೈಯಲ್ಲಿ ಪೇಪರು. ಅವನು ಗಂಗಾಧರಸ್ವಾಮಿಯಂತೆ ಕೂಗುವವನಲ್ಲ.

"ನೋಡಮ್ಮ, ಕೆಲಸ ಚೆನ್ನಾಗಿ ಮಾಡ್ತೀಯ ಅಂತ ಕೇಳಿದೀನಿ. ನೀರು ಬೇಕಾದಷ್ಟು ತುಂಬಿಸಿಕೊಡ್ತೀನಿ, ಬಿಸಿನೀರೇ ಕೊಡಿಸ್ತೀನಿ. ಎಂಟು ದಿನ ಯಾರೂ ಮುಟ್ಟಲ್ಲ. ಆಮೇಲೆ ಮಾತ್ರ ಪುರೋಹಿತರನ್ನ ಕರೆಸಿ ಒಂದು ಸಣ್ಣ ಶುದ್ಧಿ ಮಾಡಿಸ್ತೀವಿ. ನಿನಗೂ ಗೊತ್ತಿರಲಿ ಅಂತ ಮೊದಲೇ ಹೇಳ್ತಿದೀನಿ, ತಪ್ಪು ತಿಳ್ಕೋಬೇಡ. ನನಗೇನೂ ಇಲ್ಲ, ಮನೆ ಹೆಂಗಸರ ಸಮಾಧಾನಕ್ಕೆ."

ಸಣ್ಣತಾಯಮ್ಮ ನಾದುತ್ತಿದ್ದ ಲಪ್ಪವನ್ನು ಒಂದು ಉಂಡೆ ಮಾಡಿ ಬಟ್ಟಲಿನಲ್ಲಿಟ್ಟಳು. ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು.

"ಓದಿರೋ ಬುದ್ದಿಯೋರು ನೀವು," ಎಂದಳು. "ನಿಮ್ಗೆ ಸಂದು ತುಂಬಾದೇನು ಕಷ್ಟ? ಮನೆ ಹೆಂಗಸ್ರ ಸಮಾಧಾನಕ್ಕೆ ನೀವೇ ಒಳಗೆ ಕೂತು ತುಂಬ್ಕಳಿ."

ಅವನಿಗೆ ಅದು ಅರ್ಥವಾಗುವ ಮೊದಲೇ ಅವಳು ಹಿತ್ತಲ ಬಾಗಿಲು ದಾಟಿದ್ದಳು. ಮೂಗಯ್ಯ ಕರಣೆ ಹಿಡಿದುಕೊಂಡು ನಡುವೆ ನಿಂತಿದ್ದ. ಶಿರಸ್ತೇದಾರರ ಮುಖ ನೋಡಿದ, ಖಾಲಿ ಬಾಗಿಲು ನೋಡಿದ.

"ಅವಳಿಗೆ ಬುದ್ಧಿ ಹೇಳೋ," ಎಂದ ನೀಲಕಂಠಸ್ವಾಮಿ.

"ಏಳ್ತೀನಿ ಬುದ್ದಿ," ಎಂದ ಮೂಗಯ್ಯ. ಸಾಮಾನುಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಹಾಕಿಕೊಂಡ. ತೂಕದ ದಾರ, ರಸಮಟ್ಟ, ಕೊನೆಗೆ ಲಪ್ಪದ ಬಟ್ಟಲನ್ನೂ. ಚೀಲವನ್ನು ಹೆಗಲಿಗೇರಿಸಿಕೊಂಡು, ಹಿಂದೆ ತಿರುಗದೆ ಹೊರಟ.

ಪೇಟೆ ಬೀದಿಯ ಕೊನೆಯಲ್ಲಿ ಅವಳನ್ನು ಹಿಡಿದ. ಏದುಸಿರು ಬಿಡುತ್ತಿದ್ದ.

"ಎಂಥ ಕೆಲ್ಸ ಕೆಡಿಸ್ಬುಟ್ಟೆ ಅಮ್ಮಿ! ಶಿರಸ್ತೇದಾರ್ರ ಮನೆ! ಎಂಟು ದಿವ್ಸ ಮುಟ್ಟಾಕಿಲ್ಲ ಅಂತ ಅವ್ರೇ ಏಳುದ್ರಲ್ಲ, ನಿಂಗೇನಾಗಿತ್ತು? ಆಮೇಲೆ ತೊಳ್ಕಂಡ್ರೆ ತೊಳ್ಕಳ್ಲಿ, ನಮ್ಗೇನು? ಇನ್ನು ಈ ಊರಲ್ಲೂ ಯಾರೂ ಕರಿಯಾಕಿಲ್ಲ..."

ಅವನು ಬಸ್ ನಿಲ್ದಾಣದವರೆಗೂ ಹೀಗೇ ಗೊಣಗುತ್ತ ಬಂದ. ಅವಳು ಕೇಳಿಸಿಕೊಂಡಳು. ಹೇಡಿ, ಎಂದುಕೊಂಡಳು. ಅಲ್ಲಿ ಒಂದು ಮಾತಾಡಲು ಬಾಯಿ ಬರಲಿಲ್ಲ, ಇಲ್ಲಿ ಬಂದು ಒದರುತ್ತಾನೆ. ಆದರೂ ಚೀಲದ ಭಾರಕ್ಕೆ ಅವನ ಹೆಗಲು ಒಂದು ಕಡೆ ವಾಲಿದ್ದನ್ನು ನೋಡಿ, ಬಟ್ಟಲನ್ನೂ ಬಿಡದೆ ಎಲ್ಲವನ್ನೂ ಹೊತ್ತು ತಂದಿದ್ದಾನೆ ಎಂಬುದನ್ನೂ ನೋಡಿ, ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದಳು.

ಗುಂಡ್ಲುಪೇಟೆಯ ಬಸ್ಸು ನಿಂತಿತ್ತು. ಮೂಗಯ್ಯ ಮೊದಲು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದು, ಟವೆಲ್ಲಿನಿಂದ ಸೀಟಿನ ಧೂಳು ಹೊಡೆದು, ಅವಳಿಗೆ ಬಿಟ್ಟು ಈಚೆಗೆ ಸರಿದು ಕೂತ.

"ಹರವೆ ಕಡೆ ಯಾರೋ ಸ್ಕೂಲ್ ಮೇಷ್ಟ್ರು ಮನೆ ಕಟ್ಟಿಸ್ತಾವ್ರಂತೆ," ಎಂದ ಕೊನೆಗೆ. "ಕೇಳಿ ನೋಡನಾ?"

"ಕೇಳು," ಎಂದಳು ಸಣ್ಣತಾಯಮ್ಮ. "ಆದ್ರೆ ಮಾತು ನಾನಾಡ್ತೀನಿ. ನೀನು ಬಾಯಿ ಬುಡಬ್ಯಾಡ."

ಮೂಗಯ್ಯ ತಲೆಯಾಡಿಸಿದ.